ಒಂದು ವರ್ಷ ಝೊಟೆರೊ ಜೊತೆ

ಆ ಇಮೇಲ್ ಬಂದದ್ದು ನವೆಂಬರಿನಲ್ಲಿ. ನಿಮ್ಮ ಮೊದಲ ಎಸ್ಸೆ ಬಗ್ಗೆ ಮಾತಾಡಬೇಕು, ಗುರುವಾರ ಹನ್ನೊಂದಕ್ಕೆ ಬನ್ನಿ, ಬೇಕಿದ್ದರೆ ಜೊತೆಗೆ ಯಾರನ್ನಾದರೂ ಕರೆದುಕೊಂಡು ಬರಬಹುದು ಅಂತ ಇತ್ತು. ಆ ಕೊನೆಯ ಮಾತು ಓದಿ ನನ್ನ ಕೈಕಾಲು ತಣ್ಣಗಾಯಿತು. ಕೋಲಾರದಿಂದ ಬಂದು ಎಂಟು ವಾರ ಆಗಿತ್ತು ಅಷ್ಟೆ. ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ನೀರಿನ ನಿರ್ವಹಣೆ ಮೇಲೆ ಎಂಎಸ್ಸಿ. ಮನೆಯವರು ಬ್ಯಾಂಕಿನಲ್ಲಿ ಸಾಲ ಮಾಡಿ ಕಳಿಸಿದ್ದರು.

ಗುರುವಾರ ಹೋದರೆ ಪಾಠ ಮಾಡುವ ಮೇಡಂ ಮೇಜಿನ ಮೇಲೆ ನನ್ನದೇ ಎಸ್ಸೆಯ ಪ್ರಿಂಟ್. ಬೇರೆ ಕಡೆಯ ಬರಹಕ್ಕೆ ಹೋಲುವ ಸಾಲುಗಳನ್ನು ಹುಡುಕುವ ಟರ್ನಿಟಿನ್ ಅನ್ನುವ ಸಾಫ್ಟ್‌ವೇರ್ ಬಣ್ಣ ಹಚ್ಚಿ ಕೊಟ್ಟ ಪ್ರಿಂಟ್. ಎರಡನೇ ಪುಟದಲ್ಲಿ ಮೂರು ಪ್ಯಾರಾ ಪೂರ್ತಿ ಗುಲಾಬಿ. "ಕೊನೇ ಪುಟದಲ್ಲಿ ಆ ಲೇಖನದ ಹೆಸರು ಕೊಟ್ಟಿದ್ದೀನಲ್ಲ ಮೇಡಂ" ಅಂದೆ. ಅವರು ಬೈಯಲಿಲ್ಲ. ಒಂದು ಪೆನ್ನು ನನ್ನ ಮುಂದಿಟ್ಟು, ಈ ಪ್ಯಾರಾದಲ್ಲಿ ನಿಮ್ಮ ಮಾತು ಯಾವುದು, ಅವರ ಮಾತು ಯಾವುದು, ಗೆರೆ ಎಳೆದು ತೋರಿಸಿ ಅಂದರು. ನಾನು ಪೆನ್ನು ಹಿಡಿದು ಕೂತೆ. ಎಲ್ಲಿ ಗೆರೆ ಎಳೆಯಬೇಕೋ ನನಗೇ ಗೊತ್ತಾಗಲಿಲ್ಲ. ಎಲ್ಲಾ ಕಲೆಸಿಹೋಗಿತ್ತು.

ಮತ್ತೆ ಬರೆದು ಕೊಡಲು ಬಿಟ್ಟರು. ಎಷ್ಟು ಚೆನ್ನಾಗಿ ಬರೆದರೂ 50ಕ್ಕಿಂತ ಜಾಸ್ತಿ ಅಂಕ ಇಲ್ಲ ಅಂತ ಷರತ್ತು. ಅಲ್ಲಿ ಎಂಎಸ್ಸಿಗೆ 50 ಅಂದರೆ ಪಾಸ್ ಆಗುವ ಅಂಕ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕದಿಯಬೇಕು ಅಂತ ನಾನು ಕದ್ದದ್ದಲ್ಲ. ಎಂಜಿನಿಯರಿಂಗ್‌ನಲ್ಲಿ ಸೆಮಿನಾರ್ ರಿಪೋರ್ಟ್ ಅಂದರೆ ಕೊನೆಯಲ್ಲಿ ಒಂದು ಪುಟ ರೆಫರೆನ್ಸ್, ಹತ್ತು ವೆಬ್‌ಸೈಟ್ ವಿಳಾಸ, ಮೇಲೆ ಸ್ಪೈರಲ್ ಬೈಂಡಿಂಗ್. ಯಾವ ವಾಕ್ಯ ಎಲ್ಲಿಂದ ಬಂತು ಅಂತ ನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ನಮ್ಮ ಕಡೆಯಿಂದ ಹೋಗುವ ಎಷ್ಟೋ ಮಕ್ಕಳಿಗೆ ಇದೇ ಆಗುತ್ತೆ. ಅದಕ್ಕೇ, ಆಮೇಲೆ ನನ್ನ ಕೈ ಹಿಡಿದ ಒಂದು ಸಾಫ್ಟ್‌ವೇರ್ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ. ಹೆಸರು ಝೊಟೆರೊ. ಓದಿದ ಲೇಖನ, ಪುಸ್ತಕಗಳನ್ನು ಜೋಡಿಸಿಟ್ಟು ರೆಫರೆನ್ಸ್ ಪಟ್ಟಿ ಮಾಡಿಕೊಡುತ್ತೆ. ದುಡ್ಡು ಕೊಡಬೇಕಿಲ್ಲ.

ಮುಂದಿನ ವಾರ ಲೈಬ್ರರಿಯಲ್ಲಿ ಒಂದು ಗಂಟೆಯ ತರಗತಿ ಇತ್ತು, ಅಲ್ಲಿ ಇದನ್ನು ಮೊದಲು ನೋಡಿದೆ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸದವರು ಮಾಡಿದ್ದು. ಆಗ ಫೈರ್‌ಫಾಕ್ಸ್ ಬ್ರೌಸರಿಗೆ ಅಂಟಿಕೊಂಡು ಕೆಲಸ ಮಾಡುತ್ತಿತ್ತು, ಈಗ ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಬೇರೆಯೇ ಪ್ರೋಗ್ರಾಂ ಆಗಿ ಓಡುತ್ತೆ. ಲಾಭ ಮಾಡದ ಒಂದು ಸಂಸ್ಥೆ ನಡೆಸುತ್ತಿದೆ. ಹೆಸರು ಅಲ್ಬೇನಿಯನ್ ಭಾಷೆಯ ಒಂದು ಕ್ರಿಯಾಪದದಿಂದ ಬಂದದ್ದು, ಕೈವಶ ಮಾಡಿಕೊಳ್ಳುವುದು ಅಂತ ಅರ್ಥ.

ಕೆಲಸ ಹೀಗೆ. ಎರಡು ತುಂಡು ಹಾಕಿಕೊಳ್ಳಬೇಕು: ಒಂದು ಕಂಪ್ಯೂಟರಿಗೆ, ಒಂದು ಬ್ರೌಸರಿಗೆ. ಯಾವುದೋ ಜರ್ನಲ್ ಲೇಖನ ತೆರೆದಾಗ ಬ್ರೌಸರಿನ ಮೇಲ್ತುದಿಯಲ್ಲಿ ಒಂದು ಪುಟ್ಟ ಚಿತ್ರ ಕಾಣುತ್ತೆ. ಲೇಖನವಾದರೆ ಹಾಳೆ, ಪುಸ್ತಕವಾದರೆ ಪುಸ್ತಕ, ಹುಡುಕಿದ ಪಟ್ಟಿಯಾದರೆ ಫೋಲ್ಡರ್. ಒತ್ತಿದರೆ ಬರೆದವರು, ವರ್ಷ, ಜರ್ನಲ್, ಸಂಪುಟ, ಪುಟ ಎಲ್ಲಾ ಒಳಗೆ ಬಂದು ಕೂರುತ್ತೆ. ಸಿಗುವಂಥದ್ದಾದರೆ ಪಿಡಿಎಫ್ ಕೂಡ ಬರುತ್ತೆ. ಕೈಯಲ್ಲಿ ಪುಸ್ತಕ ಇದ್ದರೆ ಹಿಂದಿನ ಐಎಸ್‌ಬಿಎನ್ ನಂಬರ್ ಹಾಕಿದರೆ ಸಾಕು. ಲೇಖನಕ್ಕೆ ಡಿಒಐ, ಅಂದರೆ ಪ್ರತಿ ಲೇಖನವನ್ನು ಗುರುತಿಸಲು ಕೊಡುವ ಅದರದೇ ನಂಬರ್. ವರ್ಡ್‌ನಲ್ಲಿ ಬರೆಯುತ್ತಾ ಬೇಕಾದ ಕಡೆ ಸೈಟೇಶನ್, ಅಂದರೆ ಈ ಮಾತು ಯಾರದು ಅನ್ನುವ ಗುರುತು, ಹಾಕಿದರೆ ಕೊನೆಯ ಪಟ್ಟಿ ತಾನೇ ತಯಾರಾಗುತ್ತೆ. ಲಿಬ್ರೆಆಫೀಸ್, ಗೂಗಲ್ ಡಾಕ್ಸ್‌ನಲ್ಲೂ ಇದೇ.

ನಮ್ಮ ಹ್ಯಾಂಡ್‌ಬುಕ್‌ನಲ್ಲಿ ಆಧಾರ ಕೊಡಲು ಹಾರ್ವರ್ಡ್ ಶೈಲಿ ಬಳಸಿ ಅಂತ ಇತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದವರ ನಿಯಮಪುಸ್ತಕ ಹುಡುಕುತ್ತಾ ನಾನು ಒಂದು ಸಂಜೆ ಪೂರ್ತಿ ಕಳೆದೆ. ಅಂಥ ಪುಸ್ತಕವೇ ಇಲ್ಲ! ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಎಪಿಎ ಶೈಲಿಗೆ ಅದರದೇ ಅಧಿಕೃತ ಕೈಪಿಡಿ ಇದೆ, ಏಳನೇ ಆವೃತ್ತಿ 2019ರದ್ದು. ಹಾರ್ವರ್ಡ್ ಅನ್ನುವುದು ಒಂದು ರೂಢಿ ಅಷ್ಟೆ: ಹೆಸರು ಮತ್ತು ವರ್ಷ ಬ್ರಾಕೆಟ್ಟಿನಲ್ಲಿ, ಪೂರ್ತಿ ವಿವರ ಕೊನೆಯಲ್ಲಿ. ಇದರ ಬೇರು 1881ರಲ್ಲಿದೆ. ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ತೋಟದ ಚಿಪ್ಪಿಲ್ಲದ ಬಸವನಹುಳುವಿನ ಮೇಲೆ ಬರೆದ ಲೇಖನದಲ್ಲಿ ಹೀಗೆ ಹೆಸರು, ವರ್ಷ ಬ್ರಾಕೆಟ್ಟಿನಲ್ಲಿ ಹಾಕಿದ್ದ. ಅಲ್ಲಿಂದ ಹರಡಿ ಈಗ ಬ್ರಿಟನ್ನಿನಲ್ಲಿ ಒಂದೊಂದು ವಿಶ್ವವಿದ್ಯಾಲಯದ ಹಾರ್ವರ್ಡ್ ಒಂದೊಂದು ಥರ. ಒಬ್ಬರಿಗೆ ವರ್ಷಕ್ಕೆ ಬ್ರಾಕೆಟ್ ಬೇಕು, ಇನ್ನೊಬ್ಬರಿಗೆ ಬೇಡ. ಝೊಟೆರೊದಲ್ಲಿ ಹಾರ್ವರ್ಡ್ ಅಂತ ಹುಡುಕಿದರೆ ಉದ್ದ ಪಟ್ಟಿ ಬರುತ್ತೆ. ಎಲ್ಲಾ ಶೈಲಿ ಸೇರಿ ಹತ್ತು ಸಾವಿರಕ್ಕೂ ಜಾಸ್ತಿ ಇವೆ. ಬ್ರಿಟನ್ನಿನಲ್ಲಿ ಓದುವವರು ಮೊದಲು ಕೇಳಬೇಕಾದ ಪ್ರಶ್ನೆ, ನಿಮ್ಮದು ಸೈಟ್ ದೆಮ್ ರೈಟ್ ಹಾರ್ವರ್ಡಾ ಅಲ್ವಾ ಅಂತ. ಅದು ಬ್ರಿಟನ್ನಿನ ಒಂದು ಸೈಟೇಶನ್ ಕೈಪಿಡಿ, ಬಹಳ ಕಡೆ ಅದೇ. ಇದನ್ನು ನನಗೆ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಅಲ್ಪವಿರಾಮ, ಇಟಾಲಿಕ್ ಇವೆಲ್ಲ ಯಂತ್ರ ನೋಡಿಕೊಳ್ಳಲಿ. ನನ್ನ ಕಷ್ಟ ಅದಾಗಿರಲಿಲ್ಲ. ಗೆರೆ ಎಳೆಯಲು ಆಗದೆ ಕೂತಿದ್ದೆನಲ್ಲ, ಅದು ನನ್ನ ಕಷ್ಟ. ಅದಕ್ಕೆ ದಾರಿ ಸಿಕ್ಕಿದ್ದು ಝೊಟೆರೊದ ಟಿಪ್ಪಣಿ ಜಾಗದಲ್ಲಿ.

2022ರಿಂದ ಇದರೊಳಗೇ ಪಿಡಿಎಫ್ ಓದಬಹುದು, ಬಣ್ಣ ಹಚ್ಚಬಹುದು. ಬಲಗಡೆ ಟಿಪ್ಪಣಿ ಬರೆಯಲು ಜಾಗ ಇದೆ. ಮೊದಲೆಲ್ಲ ನಾನು ಇಂಗ್ಲಿಷ್ ವಾಕ್ಯವನ್ನೇ ಎತ್ತಿ ಅಲ್ಲಿ ಇಡುತ್ತಿದ್ದೆ, ಆಮೇಲೆ ನಾಲ್ಕು ಪದ ಬದಲಿಸಿ ಎಸ್ಸೆಯಲ್ಲಿ ಹಾಕುತ್ತಿದ್ದೆ. ನನ್ನ ಇಂಗ್ಲಿಷ್ ಅವರಷ್ಟು ಚೆನ್ನಾಗಿಲ್ಲ, ಅವರ ವಾಕ್ಯ ಮುಂದಿದ್ದಾಗ ಅದರಿಂದ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಗುಲಾಬಿ ಬಣ್ಣ ಹತ್ತಿದ್ದು ಹಾಗೇ. ಜನವರಿಯ ಒಂದು ರಾತ್ರಿ ಅಂತರ್ಜಲ ಮರುಪೂರಣದ ಮೇಲಿನ ಲೇಖನ ಓದುತ್ತಾ, ಸುಸ್ತಾಗಿ, ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದುಬಿಟ್ಟೆ. "ಕೆರೆ ತುಂಬಿದ ಮೇಲೆ ಬಾವಿ ಯಾವಾಗ ತುಂಬುತ್ತೆ ಅನ್ನೋದು ಕೆಳಗಿನ ಕಲ್ಲಿನ ಬಿರುಕಿನ ಮೇಲೆ ನಿಂತಿದೆ. ಎಲ್ಲಾ ಊರಿಗೂ ಒಂದೇ ಲೆಕ್ಕ ಹಾಕಿದ್ದಾರೆ. ನಮ್ಮ ಕಡೆ ಹೀಗಲ್ಲ." ಅಷ್ಟೇ.

ಬೆಳಿಗ್ಗೆ ಪಿಡಿಎಫ್ ಮುಚ್ಚಿ, ಆ ಕನ್ನಡ ಟಿಪ್ಪಣಿ ಒಂದನ್ನೇ ನೋಡಿಕೊಂಡು ಇಂಗ್ಲಿಷಿನಲ್ಲಿ ಪ್ಯಾರಾ ಬರೆದೆ. ಆಗ ಬಂದದ್ದು ನನ್ನ ವಾಕ್ಯ. ಸಣ್ಣ ವಾಕ್ಯ, ಸಾದಾ ಪದ, ಆದರೆ ನನ್ನದು. ಇನ್ನೂ ಮುಖ್ಯವಾದದ್ದು, ಅವರ ಮಾತು ಎಲ್ಲಿ ಮುಗಿಯುತ್ತೆ, "ನಮ್ಮ ಕಡೆ ಹೀಗಲ್ಲ" ಅನ್ನುವ ನನ್ನ ಮಾತು ಎಲ್ಲಿ ಶುರುವಾಗುತ್ತೆ ಅಂತ ಕಣ್ಣಿಗೆ ಕಾಣುತ್ತಿತ್ತು. ಆ ಗೆರೆ! ಟಿಪ್ಪಣಿಯ ಪಕ್ಕದಲ್ಲಿ ಪುಟದ ಸಂಖ್ಯೆ ಇರುತ್ತೆ, ಒತ್ತಿದರೆ ಪಿಡಿಎಫ್‌ನ ಅದೇ ಜಾಗಕ್ಕೆ ಹೋಗುತ್ತೆ. ಅವರ ಮಾತಿಗೆ ಸೈಟೇಶನ್, ಪುಟದ ಸಂಖ್ಯೆ ಸಮೇತ. ನನ್ನ ಮಾತಿಗೆ ಏನೂ ಬೇಡ.

ಅಲ್ಲಿಂದ ಮುಂದೆ ಎಲ್ಲಾ ಟಿಪ್ಪಣಿ ಕನ್ನಡದಲ್ಲೇ. ಟ್ಯಾಗ್ ಕೂಡ ಕನ್ನಡದಲ್ಲೇ ಹಾಕುತ್ತೇನೆ: ಮತ್ತೆ ಓದು, ಅಂಕಿ ಅಂಶ, ಒಪ್ಪಲ್ಲ. "ಒಪ್ಪಲ್ಲ" ಟ್ಯಾಗಿನಲ್ಲಿ ಇಪ್ಪತ್ತಮೂರು ಲೇಖನ ಸೇರಿದಾಗ ನನ್ನ ಡಿಸರ್ಟೇಶನ್ನಿನ, ಅಂದರೆ ಕೋರ್ಸಿನ ಕೊನೆಯಲ್ಲಿ ಬರೆಯುವ ದೊಡ್ಡ ಪ್ರಬಂಧದ, ಎರಡನೇ ಅಧ್ಯಾಯ ಅರ್ಧ ಮುಗಿದಿತ್ತು. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಯೋಚಿಸುವುದು ಒಂದು ಕೊರತೆ ಅಂದುಕೊಂಡೇ ನಾನು ವಿಮಾನ ಹತ್ತಿದ್ದೆ. ಇಲ್ಲಿ ಅದೇ ಕೈಗೆ ಬಂತು. ಲೈಬ್ರರಿಯವರಿಗೆ ಇದನ್ನು ತೋರಿಸಿದಾಗ ಅವರು ಕುರ್ಚಿ ಹತ್ತಿರ ಎಳೆದುಕೊಂಡು ಪರದೆ ನೋಡಿದರು, ಈ ಅಕ್ಷರ ಎಷ್ಟು ದುಂಡಗಿದೆ ಅಂದರು.

ಇನ್ನು ಹೆಸರಿನ ವಿಷಯ. ಇಲ್ಲಿ ನಮ್ಮವರು ಹುಷಾರಾಗಿರಬೇಕು. ಈ ಸಾಫ್ಟ್‌ವೇರ್ ಮಾತ್ರ ಅಲ್ಲ, ಇಡೀ ಸೈಟೇಶನ್ ಪದ್ಧತಿಯೇ ಎಲ್ಲರಿಗೂ ಒಂದು ಮನೆತನದ ಹೆಸರು, ಒಂದು ಸ್ವಂತ ಹೆಸರು ಇರುತ್ತೆ ಅಂತ ನಂಬಿಕೊಂಡು ಹುಟ್ಟಿದ್ದು. ನಮ್ಮಲ್ಲಿ ಊರು, ಅಪ್ಪನ ಹೆಸರು, ಆಮೇಲೆ ನಮ್ಮ ಹೆಸರು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರನ್ನೇ ನೋಡಿ. ಊರು, ಜಾತಿ, ನೀರು ಹಂಚಿಕೆ ಅಂತ ಬರೆಯುವಾಗ ಅವರನ್ನು ಬಿಟ್ಟು ಮುಂದೆ ಹೋಗಲು ಆಗಲ್ಲ. ಮೈಸೂರು ನರಸಿಂಹಾಚಾರ್ ಶ್ರೀನಿವಾಸ್. ಕೊನೆಯ ಹೆಸರಿನ ಕಾಲಂನಲ್ಲಿ ಶ್ರೀನಿವಾಸ್, ಮೊದಲ ಹೆಸರಿನ ಕಾಲಂನಲ್ಲಿ ಎಂ. ಎನ್. ಹಾಕಿದರೆ ಸರಿ. ಆದರೆ ಬೇರೆ ಬೇರೆ ಸೈಟಿನಿಂದ ಬರುವ ಮಾಹಿತಿಯಲ್ಲಿ ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು, ಮತ್ತೊಂದು ಕಡೆ ಹಿಂದುಮುಂದಾಗಿ ಇರುತ್ತೆ. ಝೊಟೆರೊ ಮೂವರು ಬೇರೆ ಬೇರೆ ಶ್ರೀನಿವಾಸರು ಅಂದುಕೊಳ್ಳುತ್ತೆ. ಎಪಿಎ ಶೈಲಿಯಲ್ಲಿ ಬರೆಯುವವರಿಗೆ ಸೈಟೇಶನ್ನಿನೊಳಗೆ ಇದ್ದಕ್ಕಿದ್ದಂತೆ ಇನಿಶಿಯಲ್ ಕಾಣಿಸಿಕೊಂಡರೆ ಕಾರಣ ಇದೇ. ಎಲ್ಲಾ ಕಡೆ ಒಂದೇ ಥರ ತಿದ್ದಿಬಿಡಿ, ಹೋಗುತ್ತೆ. ಹೆಸರು ಹಿಂದುಮುಂದಾಗಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಅದಲುಬದಲು ಮಾಡಬಹುದು.

ಕುವೆಂಪು ಥರ ಒಂದೇ ಹೆಸರಿದ್ದರೆ? ಹೆಸರಿನ ಪಕ್ಕದ ಸಣ್ಣ ಗುಂಡಿ ಒತ್ತಿದರೆ ಎರಡು ಕಾಲಂ ಸೇರಿ ಒಂದಾಗುತ್ತೆ. ಸರ್ಕಾರದ ಇಲಾಖೆಗಳಿಗೂ ಇದನ್ನೇ ಮಾಡಬೇಕು. ಇಲ್ಲದಿದ್ದರೆ ಸಣ್ಣ ನೀರಾವರಿ ಇಲಾಖೆ ಹೋಗಿ "ಇಲಾಖೆ, ಎಸ್. ಎನ್." ಆಗಿಬಿಡುತ್ತೆ. ನನ್ನ ಕರಡಿನಲ್ಲಿ ಹಾಗೇ ಆಗಿತ್ತು, ಸೂಪರ್‌ವೈಸರ್ ಅದಕ್ಕೆ ಸುತ್ತು ಹಾಕಿ ಇವರು ಯಾರು ಅಂತ ಕೇಳಿದ್ದರು. ತಪ್ಪು ನನ್ನದು, ನಾನು ನೋಡದೆ ತುಂಬಿದ್ದು.

ನನ್ನ ಡಿಸರ್ಟೇಶನ್ ಕೆ.ಸಿ. ವ್ಯಾಲಿ ಯೋಜನೆ ಮೇಲೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ತರುವ ಯೋಜನೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರದ ಕೆರೆಗೆ ನೀರು ಬಂತು. ಹಾಗಾಗಿ ನನ್ನ ಆಧಾರಗಳಲ್ಲಿ ಕನ್ನಡ ಪತ್ರಿಕೆ ವರದಿ, ಕನ್ನಡ ಪುಸ್ತಕ ಬಹಳ. ಇವುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಶೀರ್ಷಿಕೆ ಬರೆದು, ಪಕ್ಕದಲ್ಲಿ ಚೌಕ ಬ್ರಾಕೆಟ್ಟಿನಲ್ಲಿ ಇಂಗ್ಲಿಷ್ ಅರ್ಥ ಕೊಡುವುದು ರೂಢಿ. ಝೊಟೆರೊ ಇದನ್ನು ತಾನಾಗಿ ಮಾಡಲ್ಲ. ಕೈಯಲ್ಲೇ ತುಂಬಬೇಕು. ಕನ್ನಡ ಲಿಪಿಯಲ್ಲೇ ಬಿಟ್ಟರೆ ಆ ಹೆಸರುಗಳೆಲ್ಲ ಝಡ್ ಅಕ್ಷರ ಮುಗಿದ ಮೇಲೆ ಪಟ್ಟಿಯ ತುದಿಗೆ ಹೋಗಿ ಕೂರುತ್ತವೆ. ಎಂಎಲ್‌ಎ, ಚಿಕಾಗೊ ಅಂತ ಇನ್ನೆರಡು ಸೈಟೇಶನ್ ಶೈಲಿ ಇವೆ, ಅವನ್ನು ಬಳಸುವವರು ಭಾಷೆಯ ಕಾಲಂ ತುಂಬಲು ಮರೆಯಬೇಡಿ. ಖಾಲಿ ಬಿಟ್ಟರೆ ಶೀರ್ಷಿಕೆ ಇಂಗ್ಲಿಷ್ ಅಂತ ತಿಳಿದು ಪ್ರತಿ ಪದದ ಮೊದಲ ಅಕ್ಷರ ದೊಡ್ಡದು ಮಾಡುತ್ತೆ. ಪತ್ರಿಕೆಗಳ ವೆಬ್‌ಸೈಟಿನಿಂದ ಬರುವ ಮಾಹಿತಿ ಅರೆಬರೆ ಇರುತ್ತೆ, ವರದಿಗಾರರ ಹೆಸರಿನ ಜಾಗದಲ್ಲಿ ಇನ್ನೇನೋ ಇರುತ್ತೆ. ಒತ್ತಿದ ಕೂಡಲೇ ಒಂದು ನಿಮಿಷ ನಿಂತು ಸರಿಮಾಡಿ. ಸಬ್ಮಿಟ್ ಮಾಡುವ ಹಿಂದಿನ ರಾತ್ರಿ ನೂರಿಪ್ಪತ್ತು ಹೆಸರು ತಿದ್ದುವ ಪಾಡು ನನ್ನ ಮನೆಯಲ್ಲಿದ್ದ ನೈಜೀರಿಯಾದ ಗೆಳೆಯನಿಗೆ ಬಂತು. ನಾನು ಅವನ ಪಕ್ಕ ಕೂತು ಬೆಳಗಿನ ನಾಲ್ಕರವರೆಗೆ ಓದಿ ಹೇಳಿದೆ, ಅವನು ತಿದ್ದಿದ.

ಒಂದೇ ಲೇಖನ ಎರಡು ಸಲ ಒಳಗೆ ಬಂದಿದ್ದರೂ ತೊಂದರೆ, ಒಂದಕ್ಕೆ 2019ಎ, ಇನ್ನೊಂದಕ್ಕೆ 2019ಬಿ ಅಂತ ಬೀಳುತ್ತೆ. ಎಡಗಡೆ ನಕಲಿಗಳ ಪಟ್ಟಿ ಇದೆ, ಎರಡನ್ನೂ ಸೇರಿಸಿ ಒಂದು ಮಾಡಬಹುದು.

ದುಡ್ಡಿನ ಮಾತು. ಪ್ರೋಗ್ರಾಂ ಪೂರ್ತಿ ಉಚಿತ. ಆನ್‌ಲೈನ್ ಜಾಗ 300 ಎಂಬಿ ಉಚಿತ, 2 ಜಿಬಿಗೆ ವರ್ಷಕ್ಕೆ 20 ಡಾಲರ್. 300 ಎಂಬಿ ಅಂದರೆ ನೂರು ಪಿಡಿಎಫ್ ಹಿಡಿದರೆ ಹೆಚ್ಚು. ಎಂಎಸ್ಸಿಗೆ ಸಾಲಲ್ಲ. ಆದರೆ ಹೆಸರು, ವರ್ಷ, ಟಿಪ್ಪಣಿ ಇವು ಆ ಲೆಕ್ಕಕ್ಕೆ ಬರಲ್ಲ, ಪಿಡಿಎಫ್ ಥರ ಜೊತೆಗಿಟ್ಟ ಫೈಲುಗಳು ಮಾತ್ರ ಬರುತ್ತವೆ. ಪಿಡಿಎಫ್ ಆನ್‌ಲೈನ್ ಜಾಗಕ್ಕೆ ಹೋಗುವುದನ್ನು ನಿಲ್ಲಿಸಿ, ಫೋಲ್ಡರನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡರೂ ನಡೆಯುತ್ತೆ. ನಾನು ಆರು ತಿಂಗಳು ಹಾಗೇ ಮಾಡಿದೆ, ಆಮೇಲೆ ಇಪ್ಪತ್ತು ಡಾಲರ್ ಕೊಟ್ಟೆ. ಯಾಕೆ ಅಂದರೆ, ಶ್ರೀನಿವಾಸ್ ಅವರ ಕತೆ ಓದಿದ್ದೆ. ಅವರೂ ನಮ್ಮ ಹಾಗೆ ಹೊರದೇಶಕ್ಕೆ ಓದಲು ಹೋದವರು, ಆಕ್ಸ್‌ಫರ್ಡ್‌ನಲ್ಲಿ. ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಕೂತು ಮಾಡಿದ ಟಿಪ್ಪಣಿಗಳನ್ನು ಹದಿನೆಂಟು ವರ್ಷ ತಿದ್ದಿ ಜೋಡಿಸಿದ್ದರು. ಮೂರು ಪ್ರತಿ ಇತ್ತು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆ ಇದ್ದ ಕಟ್ಟಡಕ್ಕೆ ಯಾರೋ ಬೆಂಕಿ ಇಟ್ಟರು. ಮೂರೂ ಪ್ರತಿ ಅದೇ ಕೋಣೆಯಲ್ಲಿತ್ತು. ಆಮೇಲೆ ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂತು. ನನ್ನ ನೆನಪಿಗೆ ಆ ಶಕ್ತಿ ಇಲ್ಲ.

ಬೇರೆಯವೂ ಇವೆ. ಎಂಡ್‌ನೋಟ್ ಹಳೆಯದು, ಗಟ್ಟಿ, ಆದರೆ ದುಡ್ಡು ಕೊಡಬೇಕು. ವಿಶ್ವವಿದ್ಯಾಲಯದ ಲೈಸೆನ್ಸ್ ಮೇಲೆ ಬಳಸಿದರೆ ಕೋರ್ಸ್ ಮುಗಿದ ಮೇಲೆ ಏನು ಅನ್ನುವ ಪ್ರಶ್ನೆ. ಮೆಂಡಲೆ ಉಚಿತ, 2 ಜಿಬಿ ಜಾಗ ಕೊಡುತ್ತೆ, 2013ರಿಂದ ಎಲ್ಸೆವಿಯರ್ ಕಂಪನಿಯದು. ಒಂದೇ ಒಂದು ಎಸ್ಸೆ ಇದ್ದವರಿಗೆ ಝೊಟೆರೊದವರದೇ ಝೊಟೆರೊಬಿಬ್ ಅಂತ ವೆಬ್‌ಸೈಟ್ ಇದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನಾನಂತೂ ಝೊಟೆರೊಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಆದದ್ದು ಕನ್ನಡದ ಆಧಾರಗಳಿಗೆ ಕೈಯಲ್ಲಿ ಮಾಡಬೇಕಾದ ಕೆಲಸಕ್ಕೆ.

ದಯವಿಟ್ಟು ಚಾಟ್‌ಬಾಟ್ ಹತ್ತಿರ ರೆಫರೆನ್ಸ್ ಕೇಳಬೇಡಿ. ಇಲ್ಲದ ಲೇಖನಕ್ಕೆ ಇರುವ ಜರ್ನಲಿನ ಹೆಸರು ಹಾಕಿ ಕೊಡುತ್ತವೆ. 2023ರಲ್ಲಿ ನ್ಯೂಯಾರ್ಕಿನ ವಕೀಲರಿಗೆ ಹೀಗೆ ಇಲ್ಲದ ಕೇಸುಗಳನ್ನು ಕೋರ್ಟಿಗೆ ಕೊಟ್ಟದ್ದಕ್ಕೆ 5,000 ಡಾಲರ್ ದಂಡ ಬಿತ್ತು. ಯಾರು ಹೇಳಿದರೂ ಸರಿ, ಡಿಒಐ ನಂಬರನ್ನು ಝೊಟೆರೊದಲ್ಲಿ ಹಾಕಿ ನೋಡಿ. ಏನೂ ಬರದಿದ್ದರೆ ಆ ಲೇಖನ ಇದೆಯೋ ಇಲ್ಲವೋ ಅಂತ ಮೊದಲು ವಿಚಾರಿಸಿ. ತಪ್ಪು ಕಂಡು ಜರ್ನಲಿನವರೇ ವಾಪಸ್ ತೆಗೆದ ಲೇಖನ ಆಗಿದ್ದರೆ ಮೇಲೆ ಕೆಂಪು ಪಟ್ಟಿ ಹಾಕಿ ಎಚ್ಚರಿಸುತ್ತೆ, 2019ರಿಂದ ಈ ಅನುಕೂಲ ಇದೆ.

ಒಂದು ಆಧಾರಕ್ಕೆ ಮಾತ್ರ ಝೊಟೆರೊದಲ್ಲಿ ನಾನು ಜಾಗ ಮಾಡಲಿಲ್ಲ. ಜೂನಿನಲ್ಲಿ ಊರಿಗೆ ಬಂದು ಹದಿನಾಲ್ಕು ಜನರನ್ನು ಮಾತಾಡಿಸಿದೆ. ಅದರಲ್ಲಿ ಒಬ್ಬರು ನಮ್ಮ ಕೆರೆಯ ನೀರುಗಂಟಿ ತಾತ. ತೂಬು ಎಷ್ಟು ಎತ್ತಿದರೆ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಇವರಿಗೆ ಬಾಯಿಪಾಠ. ಇಡೀ ನಾಲ್ಕನೇ ಅಧ್ಯಾಯ ನಿಂತಿರುವುದು ಅವರ ಮಾತಿನ ಮೇಲೆ. ಝೊಟೆರೊದಲ್ಲಿ ಸಂದರ್ಶನ ಅಂತ ಒಂದು ಬಗೆ ಇದೆ. ಆದರೆ ಸಂಶೋಧನೆಯಲ್ಲಿ ಭಾಗವಹಿಸಿದವರನ್ನು ರೆಫರೆನ್ಸ್ ಪಟ್ಟಿಗೆ ಸೇರಿಸುವಂತಿಲ್ಲ. ಗುರುತು ಸಿಗಬಾರದು ಅಂತ ಎಥಿಕ್ಸ್ ಕಮಿಟಿಗೆ ಸಹಿ ಹಾಕಿ ಕೊಟ್ಟಿದ್ದೆ. ಹೆಸರಿನ ಬದಲು ನಂಬರ್ ಅಷ್ಟೆ.

ಅಕ್ಟೋಬರಿನಲ್ಲಿ ಒಂದು ಪ್ರತಿ ಬೈಂಡ್ ಮಾಡಿಸಿಕೊಂಡು ಬಂದು ತಾತನಿಗೆ ತೋರಿಸಿದೆ. ಕಟ್ಟೆ ಮೇಲೆ ಕೂತು ಹಾಳೆ ತಿರುವಿದರು. ಕೊನೆಯಲ್ಲಿದ್ದ ಏಳು ಪುಟದ ಪಟ್ಟಿ ಮೇಲೆ ಬೆರಳಾಡಿಸಿದರು.

"ಇದೇನಪ್ಪಾ ಇಷ್ಟು ಹೆಸರು?"

"ಇವರೆಲ್ಲ ಬರೆದದ್ದು ಓದಿದೀನಿ ತಾತ. ಯಾರು ಏನು ಹೇಳಿದರು ಅಂತ ಲೆಕ್ಕ ಕೊಡಬೇಕು."

"ನಾನು ಹೇಳಿದ್ದೆಲ್ಲೈತೆ?"

ಅರವತ್ತೆರಡನೇ ಪುಟ ತೆಗೆದು ಕೊಟ್ಟೆ. ಆ ಪುಟದಲ್ಲಿ ಅವರ ಮಾತನ್ನು ಕನ್ನಡದಲ್ಲೇ ಇಟ್ಟು, ಕೆಳಗೆ ಇಂಗ್ಲಿಷ್ ಹಾಕಿದ್ದೆ. ಮುಂದೆ "ಭಾಗವಹಿಸಿದವರು 7" ಅಂತ ಇತ್ತು. ಏಳು ಅಂದರೆ ನೀವೇ ಅಂದೆ. ಅವರು ಕಣ್ಣು ಹತ್ತಿರ ಹಿಡಿದು ನಿಧಾನವಾಗಿ ಕೂಡಿಸಿ ಓದಿದರು, ಒಂದು ಪದದ ಹತ್ತಿರ ನಿಂತರು. ತೂಬು ಒಂದು ಗೇಣು ಅಲ್ಲ, ಒಂದು ಮೊಳ ಅಂತ ಹೇಳಿದ್ದು ನಾನು ಅಂದರು. ಜೇಬಿನಿಂದ ಪೆನ್ನು ತೆಗೆದು ಕೊಟ್ಟೆ. ಅವರೇ ಹೊಡೆದುಹಾಕಿ ಪಕ್ಕದಲ್ಲಿ ಬರೆದರು.